ಜೀವಲಕ್ಷಣ ವಿಚಾರ: ಕೇಶವವರ್ಣಿಯ ಕನ್ನಡ ವೃತ್ತಿಯ ಹಿನ್ನೆಲೆಯಲ್ಲಿ

ಉತ್ತರಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಅಲ್ಲಿ ಪುನಃ ಸ್ಥಾಪಿತವಾದ ದ್ರೇಪುಂಗ್ ಮತ್ತು ಗಾಂದೇನ್ ವಿಹಾರಗಳಲ್ಲಿ ತರ್ಕ, ದರ್ಶನಗಳೊಡನೆ ಈಗ ಆಧುನಿಕ ವಿಜ್ಞಾನವೂ ವ್ಯಾಸಂಗದ ವಿಷಯವಾಗಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ರೂಪುಗೊಂಡ ಪಠ್ಯಕ್ರಮದಲ್ಲಿ ಜೀವಶಾಸ್ತ್ರವೂ ಒಂದು ಅಂಗ. ಆ ಭಿಕ್ಷುಗಳ ಪರಂಪರೆಯಲ್ಲಿ ಸತ್ತ್ವವೆನಿಸಲು ಚಿತ್ತವಿರಬೇಕು. ಸಸ್ಯವು ಆ ಕೋಟಿಗೆ ಸೇರದು. ಜೀವಶಾಸ್ತ್ರವಾದರೋ ಹುಲ್ಲನ್ನೂ ಏಕಕೋಶಜೀವಿಯನ್ನೂ ಸಜೀವವೆಂದೇ ಎಣಿಸುತ್ತದೆ. ಆದಕಾರಣ ಜೀವಿಯ ಲಕ್ಷಣವೇನೆಂಬ ಪ್ರಶ್ನೆ ಅಲ್ಲಿ ಕೇವಲ ಪಾಠದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದೇ ಪ್ರಶ್ನೆ ಆರೂವರೆ ಶತಮಾನಗಳ ಹಿಂದೆಯೇ ಕನ್ನಡದಲ್ಲಿ ವಿಸ್ತಾರವಾಗಿ ಚರ್ಚಿತವಾಗಿತ್ತೆಂಬುದು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಗಮನಾರ್ಹ.

ಚಾವುಂಡರಾಯನ ಸಮಕಾಲೀನನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ರಚಿಸಿದ 'ಗೊಮ್ಮಟಸಾರ'ದ ಜೀವಕಾಂಡದಲ್ಲಿ 700ಕ್ಕೂ ಹೆಚ್ಚು ಗಾಹೆಗಳಿವೆ. ಇದಕ್ಕೆ ಕೇಶವವರ್ಣಿಯು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು. ಸಂಸ್ಕೃತ ಟೀಕೆಯೇ ಕೇಶವವರ್ಣಿಯದೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಅದು ಬೇರೊಬ್ಬ ನೇಮಿಚಂದ್ರನ ಕೃತಿಯೆಂದೂ ಕನ್ನಡ ವೃತ್ತಿಯನ್ನೇ ಅನುಸರಿಸಿ ಹುಟ್ಟಿದುದೆಂದೂ ತೋರಿಸಿಕೊಟ್ಟವರು ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆ.

ಈ ಪರಂಪರೆಯಲ್ಲಿ ಪ್ರಾಣಗಳು ಹತ್ತು: ಇಂದ್ರಿಯಗಳು ಐದು, ಮನೋವಚನಕಾಯಗಳ ಬಲ ಮೂರು, ಉಚ್ಛ್ವಾಸ ಮತ್ತು ಆಯುಸ್ಸು. ಏಕೇಂದ್ರಿಯಕ್ಕೆ ಸ್ಪರ್ಶನ, ಕಾಯಬಲ, ಉಚ್ಛ್ವಾಸ, ಆಯು ಎಂಬ ನಾಲ್ಕೇ ಪ್ರಾಣಗಳು. ರಸನ, ವಚನಬಲಗಳು ಕೂಡಿದರೆ ದ್ವೀಂದ್ರಿಯಕ್ಕೆ ಆರು. ಸಂಜ್ಞಿ ಪಂಚೇಂದ್ರಿಯಕ್ಕೆ ಹತ್ತೂ ಉಂಟು. ಪರ್ಯಾಪ್ತಿಗಳು ಆರು: ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು. ಪರ್ಯಾಪ್ತಿ ಕಾರಣ, ಪ್ರಾಣ ಕಾರ್ಯ. ಸ್ವೀಕರಿಸಿದ ಪುದ್ಗಲವನ್ನು ಖಲಭಾಗ, ರಸಭಾಗಗಳಾಗಿ ಪರಿಣಮಿಸುವ ಶಕ್ತಿ ಆಹಾರಪರ್ಯಾಪ್ತಿ. ಖಲವನ್ನು ಎಲುಬು ಮೊದಲಾದ ಕಠಿನ ಅವಯವಗಳಾಗಿಯೂ ರಸವನ್ನು ರಕ್ತಾದಿ ದ್ರವಗಳಾಗಿಯೂ ಮಾರ್ಪಡಿಸುವುದು ಶರೀರಪರ್ಯಾಪ್ತಿ. ಇವೆಲ್ಲ ಒಮ್ಮೆಗೇ ಆರಂಭವಾಗಿ ಕ್ರಮವಾಗಿ ಪೂರ್ಣವಾಗುತ್ತವೆ.

ಸಸ್ಯಗಳ ವಿಷಯದಲ್ಲಿ ವಿವೇಚನೆ ಇನ್ನೂ ಸೂಕ್ಷ್ಮ. ನರ, ಸಂದು, ಗಂಟುಗಳು ಕಾಣದಿರುವುದು, ಮುರಿದಾಗ ಸಮವಾಗಿ ಮುರಿಯುವುದು, ನಾರಿಲ್ಲದಿರುವುದು, ಕಡಿದರೂ ಮತ್ತೆ ಬೆಳೆಯುವುದು, ಇವು ಸಾಧಾರಣ ಜೀವಗಳಿಗೆ ಆಶ್ರಯವಾದ ಸಸ್ಯದ ಗುರುತುಗಳು. ಜೋಯಿಡಾದ ಕುಣಬಿ ಸಮುದಾಯದವರು ಉಳಿಸಿಕೊಂಡು ಬಂದಿರುವ ಗೆಡ್ಡೆಗೆಣಸುಗಳನ್ನು ಕಂಡವರಿಗೆ ಈ ಮಾತುಗಳ ಹಿಂದೆ ಪ್ರತ್ಯಕ್ಷ ಅವಲೋಕನವಿದೆಯೆಂಬುದು ವಿದಿತವಾಗದಿರದು.

ಆಧುನಿಕ ವಿಜ್ಞಾನದ ಮಾರ್ಗ ಬೇರೆ. ಅದು ಪೋಷಣೆ, ಬೆಳವಣಿಗೆ, ಪ್ರತಿಕ್ರಿಯೆ, ಸಂತಾನೋತ್ಪತ್ತಿಗಳನ್ನು ಜೀವಲಕ್ಷಣಗಳೆಂದು ಹೇಳಿ, ಅವುಗಳ ಮೂಲವನ್ನು ಅಣುಗಳಲ್ಲಿ ಅರಸುತ್ತದೆ. ಹಳಿಯಾಳದ ಕಬ್ಬಿನ ಸಕ್ಕರೆಯ ಅಣುವಿನಲ್ಲಿ ಒಂದು ಗ್ಲೂಕೋಸು, ಒಂದು ಫ್ರಕ್ಟೋಸು ಕೂಡಿವೆ. ದಾಂಡೇಲಿಯಲ್ಲಿ ಕಾಗದವಾದ ಬಿದಿರಿನ ಸೆಲ್ಯುಲೋಸ್ ಅದೇ ಗ್ಲೂಕೋಸಿನ ದೀರ್ಘ ಸರಪಳಿ. ನಮ್ಮ ಓಲೆಗರಿಯ ನಾರೂ ಅದೇ ದ್ರವ್ಯ. 1828ರಲ್ಲಿ ವೋಲರ್ ಎಂಬ ಜರ್ಮನ್ ವಿಜ್ಞಾನಿ ಪ್ರಾಣಿದೇಹದ ಸಹಾಯವಿಲ್ಲದೆ ಯೂರಿಯಾವನ್ನು ತಯಾರಿಸಿದನು. ಜೀವದ್ರವ್ಯಕ್ಕೂ ಜಡದ್ರವ್ಯಕ್ಕೂ ಧಾತುಗಳಲ್ಲಿ ಭೇದವಿಲ್ಲ, ಭೇದವಿರುವುದು ರಚನೆಯಲ್ಲಿ ಹಾಗೂ ವ್ಯಾಪಾರದಲ್ಲಿ ಎಂಬುದು ಕ್ರಮೇಣ ಸ್ಥಿರಪಟ್ಟಿತು.

ಶರೀರವು ಪುದ್ಗಲವೇ ಎಂದು ಜೈನಶಾಸ್ತ್ರವೂ ಹೇಳುವುದರಿಂದ ಇವೆರಡನ್ನೂ ಒಂದಾಗಿಸುವ ಆಸೆ ಸಹಜ. ನಿಗೋದವೆಂದರೆ ಬ್ಯಾಕ್ಟೀರಿಯಾ, ಪರ್ಯಾಪ್ತಿಯೆಂದರೆ ಚಯಾಪಚಯ ಎಂದು ಬರೆಯುವವರಿದ್ದಾರೆ. ಇದು ಸಾಧುವಲ್ಲ. ನಿಗೋದದಲ್ಲಿ ಅನಂತ ಜೀವಗಳಿಗೆ ಶರೀರ ಒಂದೇ, ಆಹಾರ ಮತ್ತು ಉಸಿರು ಒಂದೇ; ಬ್ಯಾಕ್ಟೀರಿಯಾಕ್ಕೆ ತನ್ನದೇ ಕೋಶವಿದೆ. ಭೂಮಿ, ಜಲ, ಅಗ್ನಿ, ವಾಯುಗಳನ್ನೂ ಜೀವದ ಕಾಯಗಳೆಂದು ಶಾಸ್ತ್ರ ಎಣಿಸುತ್ತದೆ. ವಿಜ್ಞಾನ ಅದನ್ನು ಒಪ್ಪದು. ಇಂತಹ ಸಮೀಕರಣದಿಂದ ವಿಜ್ಞಾನಕ್ಕೆ ಲಾಭವಿಲ್ಲ, ಗ್ರಂಥಕ್ಕಂತೂ ನಷ್ಟವೇ. ಸಂಪಾದಕನು ಪ್ರಾಣವೆಂಬ ಶಬ್ದಕ್ಕೆ ಬರಿಯ ಉಸಿರೆಂದು ಅರ್ಥ ಬರೆದರೆ ಹತ್ತು ಪ್ರಾಣಗಳಲ್ಲಿ ಒಂಬತ್ತು ಲೋಪವಾಗುತ್ತವೆ.

ಕೇಶವವರ್ಣಿಯ ಗಣನೆಯ ಉದ್ದೇಶವೂ ಬೇರೆ. ಹಿಂಸೆಯೆಂದರೆ ಪ್ರಮಾದದಿಂದ ಪ್ರಾಣಗಳನ್ನು ಬೇರ್ಪಡಿಸುವುದು. ಆದ್ದರಿಂದ ಯಾವ ಜೀವಕ್ಕೆ ಎಷ್ಟು ಪ್ರಾಣಗಳೆಂದು ತಿಳಿಯದೆ ಅಹಿಂಸೆಯ ಆಚರಣೆ ಪೂರ್ಣವಾಗದು. ಮಳೆಗಾಲದಲ್ಲಿ ನೆಲವೆಲ್ಲ ಮೊಳಕೆಯೊಡೆದಾಗ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಒಂದೆಡೆ ನಿಲ್ಲುವುದು ಈ ತಿಳಿವಿನ ಫಲ. ಜೀವವು ಯಾವುದರಿಂದ ಆಗಿದೆಯೆಂದು ರಸಾಯನಶಾಸ್ತ್ರ ಕೇಳುತ್ತದೆ. ಅದರ ಮುಂದೆ ಹೇಗೆ ನಡೆಯಬೇಕೆಂದು ಈ ವೃತ್ತಿ ಕೇಳುತ್ತದೆ. ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಇರಿಸಿಕೊಂಡು ಓದಿದಾಗಲೇ ಓಲೆಗರಿಯ ಮಾತು ನಮಗೆ ಸ್ಪಷ್ಟವಾಗಿ ಕೇಳಿಸೀತು.