ಬಸವ ಎಂಬ ಹೆಸರು
ಬಸವ ಎಂದರೆ ಮೊದಲು ಗೂಳಿ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹವಾಗಿ, ಕನ್ನಡದಲ್ಲಿ ಬಸವ ಆಯಿತು. ಶಿವನ ನಂದಿಗೂ ಅದೇ ಹೆಸರು, ತಲೆಯಾಡಿಸುವ ಕೋಲೆಬಸವನಿಗೂ ಅದೇ, ಬಸವನಹುಳುವನ್ನೂ ಬಿಟ್ಟಿಲ್ಲ.

ಗಂಡುಮಕ್ಕಳಿಗೆ ಈ ಹೆಸರು ಇಷ್ಟು ಹಬ್ಬಿದ್ದು 12ನೇ ಶತಮಾನದ ಬಸವಣ್ಣನವರಿಂದ ಎನ್ನುತ್ತೇವೆ. ನಿಜವೇ; 1260ರ ಅರ್ಜುನವಾಡ ಶಾಸನದಲ್ಲೇ ಅವರು ಸಂಗನಬಸವ. ಆದರೆ ಒಕ್ಕಲು ಮನೆಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲು ಕೊಟ್ಟಿಗೆಯೂ ಕಾರಣವೆಂದು ನನ್ನ ಎಣಿಕೆ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಸವ ಜಯಂತಿಯಂದು ಎತ್ತುಗಳದ್ದೂ ಮೆರವಣಿಗೆ!

ಮುಂದೆ ಬಸಪ್ಪ, ಬಸಯ್ಯ, ಬಸಲಿಂಗ, ಚೆನ್ನಬಸವ; ಹೆಣ್ಣಾದರೆ ಬಸವ್ವ. ಸಿಟ್ಟು ಬಂದರೆ, ಇಲ್ಲವೇ ಅಕ್ಕರೆ ಉಕ್ಕಿದರೆ, ಬಸ್ಯಾ. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರ ಹೆಸರಿನ ‘ಬಿ’ ಕೂಡ ಬಸಪ್ಪ.