ತಳವಾರನ ಹೊಣೆ

ಊರಿನಲ್ಲಿ ಕಳವಾದರೆ ನಷ್ಟವು ಯಾರ ಮೇಲೆ ಬೀಳತಕ್ಕದ್ದು? ರಾತ್ರಿಯಲ್ಲಿ ಗ್ರಾಮದೊಳಗೆ ವರ್ತಕನ ಸರಕು ಅಪಹೃತವಾದರೆ ಗ್ರಾಮಸ್ವಾಮಿಯೇ ತುಂಬಿಕೊಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸಿದೆ. ಕನ್ನಡ ನಾಡಿನಲ್ಲಿ ಆಯಗಾರರಲ್ಲೊಬ್ಬನಾದ ತಳವಾರನು ಊರಿನ ಕಾವಲನ್ನು ಹೊತ್ತಿದ್ದನು. ಇನಾಂ ಭೂಮಿಯೂ ಧಾನ್ಯದ ಆಯವೂ ಅವನಿಗೆ ಜೀವನಾಧಾರವಾಗಿದ್ದವು. ಪತ್ತೆಯಾಗದ ಕಳವನ್ನು ಕಾವಲುಗಾರರೇ ಭರಿಸುವ ರೂಢಿಯು ಹಲವೆಡೆ ಇದ್ದಿತು.

ಬಳ್ಳಾರಿ ಸೀಮೆಯ ಊರುಗಳು 1800ರಲ್ಲಿ ನಿಜಾಮನಿಂದ ಕಂಪೆನಿಯ ವಶಕ್ಕೆ ಬಂದವು. ಮದರಾಸಿನ 1816ನೆಯ ಇಸವಿಯ 11ನೆಯ ರೆಗ್ಯುಲೇಷನ್ನು ಗ್ರಾಮದ ಮುಖ್ಯಸ್ಥನಿಗೇ ಪೋಲೀಸ್ ಅಧಿಕಾರವನ್ನು ಕೊಟ್ಟು ತಳವಾರನನ್ನು ಅವನ ಕೈಕೆಳಗಿರಿಸಿತು. 1859ರ 24ನೆಯ ಆಕ್ಟಿನಿಂದ ಸಂಬಳದ ಪೋಲೀಸ್ ದಳವು ಪ್ರತ್ಯೇಕವಾಗಿ ಏರ್ಪಟ್ಟಿತು. ಕಳ್ಳನನ್ನು ಹಿಡಿಯುವುದು ಈ ದಳದ ಕರ್ತವ್ಯ, ಕಳವನ್ನು ತುಂಬಿಕೊಡುವುದಲ್ಲ. ರಕ್ಷಣೆಯ ವ್ಯವಸ್ಥೆಯು ವಿಸ್ತಾರವಾಯಿತು. ನಷ್ಟದ ಹೊರೆಯು ಮಾತ್ರ ಕಳೆದುಕೊಂಡವನ ಮೇಲೆಯೇ ನಿಂತಿತು.