ಎರಡು ಮನೆತನಗಳು

ಕಮಲಾಪುರದ ನಮ್ಮ ಮನೆ ಕಟ್ಟಿ ನೂರು ವರ್ಷ ತುಂಬುತ್ತ ಬಂತೆಂದು ನಮ್ಮ ಕಾಕಾ ಅವರು ಮನೆತನದ ಚರಿತ್ರೆಯೊಂದನ್ನು ಅಚ್ಚು ಹಾಕಿಸಲು ಹೊರಟಿದ್ದಾರೆ. ಕನ್ನಡ ಕಲಿಸುವವನೆಂಬ ಕಾರಣಕ್ಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ನಾಲ್ಕಾರು ಭಾನುವಾರ ಹೋಗಿಬಂದೆ. ಕಾಕಾ ಹೇಳಿದ್ದೆಲ್ಲ ಕೆಂಪು ಬಾಳೆಯ ತೋಟದ ಸಂಗತಿ ಮತ್ತು 1948ರ ಗದ್ದಲದ ಸಂಗತಿ: ಹೆಂಗಸರು ಮಕ್ಕಳನ್ನು ಬಂಡಿಯಲ್ಲಿ ಕೂರಿಸಿಕೊಂಡು ರಾತ್ರೋರಾತ್ರಿ ಸೊಲ್ಲಾಪುರದ ಕಡೆಗೆ ಹೋದದ್ದು, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದು ಹಿಂತಿರುಗಿದಾಗ ಮನೆಗೆ ಬಾಗಿಲು ಸಹ ಉಳಿದಿರಲಿಲ್ಲವೆಂಬುದು. ಇದನ್ನು ನಾನು ತೊಟ್ಟಿಲಿನಿಂದ ಕೇಳುತ್ತ ಬಂದಿದ್ದೇನೆ.

ಕೇಳದೆ ಇದ್ದುದು ಪೆಟ್ಟಿಗೆಯ ತಳದಲ್ಲಿತ್ತು. ಫಸಲಿ 1338ರ, ಅಂದರೆ 1928-29ರ ಒಂದು ಕರಾರುಪತ್ರ. ಉರ್ದು ಅಧ್ಯಾಪಕ ಮಿತ್ರರೊಬ್ಬರು ಓದಿ ಹೇಳಿದರು: ಹಾಲಿ ಸಿಕ್ಕಾ 60 ರೂಪಾಯಿ ಪಡೆದ ಆಳು ಸಾಲ ತೀರುವವರೆಗೆ ನಮ್ಮ ಮುತ್ತಜ್ಜನ ಹೊಲದಲ್ಲಿ ದುಡಿಯತಕ್ಕದ್ದು; ಅವನು ತೀರಿಕೊಂಡರೆ ಅವನ ಮಗ. ಕೆಳಗೆ ಹೆಬ್ಬೆಟ್ಟಿನ ಗುರುತು. ನಿಜಾಮರ ಸೀಮೆಯಲ್ಲಿ ಇದಕ್ಕೆ ಭಾಗೇಲಾ ಎಂದು ಹೆಸರು. ನಮ್ಮ ಮಾತಿನಲ್ಲಿ ಜೀತ. 1976ರ ಜೀತ ನಿರ್ಮೂಲನ ಕಾಯಿದೆ ಪಟ್ಟಿ ಮಾಡಿದ ಪದ್ಧತಿಗಳಲ್ಲಿ ಈ ಎರಡು ಹೆಸರೂ ಇವೆ.

"ಆ ಹಾಳಿ ಬ್ಯಾಡ ತಮ್ಮಾ," ಎಂದರು ಕಾಕಾ. "ಆಗ ಎಲ್ಲಾರ ಮನ್ಯಾಗೂ ಇತ್ತು."

ಆ ದಿನಗಳಲ್ಲಿಯೇ ನಾನು ಅಮೆರಿಕದ ವ್ಯಾನ್ ಮನೆತನದ ಚರಿತ್ರೆಯನ್ನು ಓದುತ್ತಿದ್ದೆನೆಂಬುದು ಕಾಕತಾಳೀಯ. ಗುಲಾಮರ ಒಡೆಯನೆಂದರೆ ಬಿಳಿಯನೇ ಎಂದು ನಾನು ತಿಳಿದಿದ್ದೆ. ವ್ಯಾನರು ಬಿಳಿಯರಲ್ಲ, ಅಲ್ಲಿಯ ಮೂಲನಿವಾಸಿಗಳಾದ ಚೆರೋಕೀ ಜನ. ಜೇಮ್ಸ್ ವ್ಯಾನನ ತಂದೆಯ ಕಡೆ ಸ್ಕಾಟ್ಲೆಂಡಿನ ವ್ಯಾಪಾರಿ, ತಾಯಿ ಚೆರೋಕೀ. ಚೆರೋಕೀಗಳಲ್ಲಿ ನಮ್ಮ ಕರಾವಳಿಯ ಅಳಿಯಸಂತಾನದವರಂತೆ ಕುಲ ತಾಯಿಯಿಂದ ಬರುವುದರಿಂದ ಅವನು ಪೂರ್ತಿ ಆ ಕುಲದವನೇ. 1804ರಲ್ಲಿ ಜಾರ್ಜಿಯದಲ್ಲಿ ಇಟ್ಟಿಗೆಯ ಮಹಡಿಮನೆ ಕಟ್ಟಿಸಿದ. ಕುಡಿತ, ಕೋಪ, ಉದಾರತೆ ಮೂರೂ ಅತಿಯಾಗಿದ್ದ ಮನುಷ್ಯ. 1809ರಲ್ಲಿ ಒಂದು ಹೆಂಡದಂಗಡಿಯಲ್ಲಿ ಗುಂಡೇಟಿಗೆ ಬಲಿಯಾದ. ಕುಲದ ರೂಢಿಯನ್ನು ಮೀರಿ ಆಸ್ತಿಯೆಲ್ಲ ಮಗ ಜೋಸೆಫನಿಗೆ ಎಂದು ಉಯಿಲು ಬರೆದಿದ್ದ. ಕುಲದ ಹಿರಿಯರ ಸಭೆ ವಿಧವೆಗೂ ಉಳಿದ ಮಕ್ಕಳಿಗೂ ಪಾಲು ಕೊಡಿಸಿತು. ಆದರೂ ದೊಡ್ಡ ಪಾಲು ಜೋಸೆಫನದೇ ಆಯಿತು. ಅವನಿಗೆ ನೂರಕ್ಕೂ ಹೆಚ್ಚು ಗುಲಾಮರಿದ್ದರು.

ಇಂಥ ಸಿರಿವಂತನನ್ನೂ ಜಾರ್ಜಿಯದ ಸರಕಾರ ಬಿಡಲಿಲ್ಲ. 1832ರಲ್ಲಿ ಚೆರೋಕೀ ನೆಲವನ್ನು ಬಿಳಿಯರಿಗೆ ಲಾಟರಿಯಲ್ಲಿ ಹಂಚಿತು. ಬಿಳಿಯನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಅಪರಾಧವೆಂದು 1835ರಲ್ಲಿ ಜೋಸೆಫನನ್ನು ಮನೆಯಿಂದ ಹೊರಗೆ ಹಾಕಿತು. ಇಬ್ಬರು ಬಿಳಿಯರು ಆ ಮನೆ ತಮಗೆಂದು ಒಳಗೇ ಕಾದಾಡುತ್ತಿರುವಾಗ ಅವನು ಹೆಂಡತಿ ಮಕ್ಕಳೊಡನೆ ಹೊರಟುಹೋದ. 1838-39ರಲ್ಲಿ ಉಳಿದ ಚೆರೋಕೀಗಳನ್ನೂ ಪಶ್ಚಿಮಕ್ಕೆ ಅಟ್ಟಿದರು. ಸುಮಾರು 4,000 ಜನ ಸತ್ತ ಆ ದಾರಿಗೆ ಕಣ್ಣೀರಿನ ದಾರಿಯೆಂದೇ ಹೆಸರು. ಆ ದಾರಿಯಲ್ಲಿ ಸೌದೆ ಕಡಿದವರು, ಬಂಡಿ ನೋಡಿಕೊಂಡವರು, ಅಡಿಗೆ ಮಾಡಿದವರು ಅನೇಕ ಕಡೆ ಚೆರೋಕೀಗಳ ಗುಲಾಮರು. ಅವರೂ ಸತ್ತರು.

ಹೊಸ ನಾಡಿನಲ್ಲಿ, ವೆಬರ್ಸ್ ಫಾಲ್ಸ್ ಎಂಬಲ್ಲಿ, ಜೋಸೆಫ್ ಮತ್ತೆ ತೋಟ ಮಾಡಿದ. 1842ರ ನವೆಂಬರ್ 15ರಂದು ಅವನ ಗುಲಾಮರು ಒಡೆಯರನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು, ಕುದುರೆ, ಬಂದೂಕುಗಳೊಡನೆ ಮೆಕ್ಸಿಕೋ ಕಡೆಗೆ ಓಡಿದರು. ಅಲ್ಲಿ ಗುಲಾಮಗಿರಿ ಆಗಲೇ ಹೋಗಿತ್ತು. ಹಿಡಿದು ತರಲು ದಂಡು ಕಳುಹಿಸಿದ್ದು ಚೆರೋಕೀ ರಾಷ್ಟ್ರದ ಸಭೆಯೇ. ತಾವೇ ಊರು ಬಿಟ್ಟು ಬಂದು ನಾಲ್ಕು ವರ್ಷವಾಗಿರಲಿಲ್ಲ! ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಜೋಸೆಫ್ 1844ರಲ್ಲಿ ತನ್ನದೇ ಉಗಿಹಡಗಿನ ಕಡಾಯಿ ಸಿಡಿದು ಸತ್ತ.

ಚೆರೋಕೀಗಳು 1863ರಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದರು. 1866ರ ಒಪ್ಪಂದದಲ್ಲಿ ಅವರಿಗೆ ತಮ್ಮ ರಾಷ್ಟ್ರದ ಪೌರತ್ವವನ್ನೂ ಕೊಟ್ಟರು. 2007ರಲ್ಲಿ ಮತ ಹಾಕಿ ಅವರ ಸಂತತಿಯವರನ್ನು ಹೊರಗಿಟ್ಟರು. 2017ರಲ್ಲಿ ಅಮೆರಿಕದ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಚೆರೋಕೀಗಳ ಶ್ರೇಷ್ಠ ನ್ಯಾಯಾಲಯವೇ ತಮ್ಮ ಸಂವಿಧಾನದಿಂದ 'ರಕ್ತದಿಂದ' ಎಂಬ ಮಾತನ್ನು ತೆಗೆಸಿತು.

ನಮ್ಮ ಜೀತವೂ ಅಲ್ಲಿಯ ಗುಲಾಮಗಿರಿಯೂ ಒಂದೇ ಎಂದು ನಾನು ಹೇಳಲಾರೆ. ನಮ್ಮಲ್ಲಿ ಮನುಷ್ಯರನ್ನು ಸಂತೆಯಲ್ಲಿ ಹರಾಜು ಹಾಕಲಿಲ್ಲ. ಆದರೆ ಆ 60 ರೂಪಾಯಿ ಎರಡು ತಲೆಮಾರಿಗೂ ತೀರಲಿಲ್ಲವೆಂಬುದು ನಮ್ಮ ಲೆಕ್ಕದ ಪುಸ್ತಕದಲ್ಲಿಯೇ ಇದೆ.

ಹೆಬ್ಬೆಟ್ಟು ಒತ್ತಿದವನ ಮೊಮ್ಮಗ ಈಗ ಕಲಬುರಗಿಯಲ್ಲಿ ಇದ್ದಾರೆ, ನನಗಿಂತ ಹಿರಿಯರು. ಪತ್ರವನ್ನು ಅವರಿಗೆ ತೋರಿಸದೆ ಬರೆಯುವುದು ಸರಿಯಲ್ಲವೆನಿಸಿ ಹೋದೆ. ಅವರು ಬಹಳ ಹೊತ್ತು ಕಾಗದವನ್ನು ನೋಡಿದರು. ಚಹಾ ಬಂತು. ಜೆರಾಕ್ಸ್ ಒಂದು ಬೇಕೆಂದರು. ನಾನು ಮಾತಿಗೆ ತಡವರಿಸಿ 1948ರ ಸಂಗತಿ ಎತ್ತಿದೆ.

"ಗೊತ್ತದ ರಿ ಸರ," ಎಂದರು. "ಆವತ್ತು ನಿಮ್ಮ ಮಂದೀನ ಕೂಡಿಸಿಕೊಂಡು ಬಂಡಿ ಹೊಡದಾಂವ ನಮ್ಮ ಮುತ್ಯಾನೇ. ಸೊಲ್ಲಾಪುರದ ಕಡಿ ಬಿಟ್ಟು, ಒಬ್ಬನೇ ಹೊಳ್ಳಿ ಬಂದ. ದನಾ ನೋಡೋರು ಬೇಕಲ್ಲ?"

ಕರಡಿನಲ್ಲಿ ಬಂಡಿಯ ಸಂಗತಿ ಬರುವ ಕಡೆ ಆ ಹೆಸರನ್ನು ಸೇರಿಸಿ, ಕರಾರುಪತ್ರದ ಪ್ರತಿಯನ್ನೂ ಲಗತ್ತಿಸಿ, ಕಾಕಾ ಅವರಿಗೆ ಕಳುಹಿಸಿ ಮೂರು ವಾರವಾಯಿತು. ಉತ್ತರ ಬಂದಿಲ್ಲ.